ಬಾಯಿ ಬಿಚ್ಚದೆ ‘ಟೆಸ್ಟ್’ ಆಗಿ ಬಂದ ಸಿಲಿಂಡರ್

ಕಾರವಾರದ ಬೈತಖೋಲ ಬಂದರಿನಲ್ಲಿ ನನ್ನ ಕೆಲಸ ನೀರಿನ ಕೆಳಗೆ. ಬೋಟಿನ ಫ್ಯಾನಿಗೆ ಬಲೆಯೋ ಹಗ್ಗವೋ ಸುತ್ತಿಕೊಂಡರೆ ನನಗೆ ಫೋನ್ ಬರುತ್ತದೆ. ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದು, ಕೊಯ್ದು ಬಿಡಿಸಿ ಬರುತ್ತೇನೆ. ನನ್ನ ಬಳಿ ನಾಲ್ಕು ಸಿಲಿಂಡರ್ ಇದ್ದವು, ಎರಡು ಸ್ಟೀಲ್, ಎರಡು ಅಲ್ಯೂಮಿನಿಯಂ. ಈಗ ಮೂರೇ ಇವೆ.

ಕಾರಿನ ಟೈರಿನಲ್ಲಿ 30-35 ಪಿಎಸ್‌ಐ ಗಾಳಿ ಇರುತ್ತದೆ. ನಮ್ಮ ಸಿಲಿಂಡರಿನಲ್ಲಿ 200 ಬಾರ್, ಅಂದರೆ ಸುಮಾರು 2,900 ಪಿಎಸ್‌ಐ. ಒಳಗಿನ ಒಂದೊಂದು ಚದರ ಸೆಂಟಿಮೀಟರ್ ಮೇಲೂ 200 ಕಿಲೋ ಭಾರ ಕೂತ ಹಾಗೆ. ಅದಕ್ಕೇ ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ಒಳಗೆ ನೀರು ತುಂಬಿ ಪ್ರೆಶರ್ ಹಾಕಿ ನೋಡುವ ಟೆಸ್ಟ್ ಮಾಡಿಸಬೇಕು. ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ಒಳಗೆ ನೋಡಬೇಕು. ಟೆಸ್ಟ್ ಆದ ತಿಂಗಳು, ವರ್ಷವನ್ನು ಸಿಲಿಂಡರಿನ ಭುಜದ ಮೇಲೆ ಕೊರೆದಿರುತ್ತಾರೆ.

ಮೊದಲ ಸಲ ನಾನು ಒಂದು ಸಿಲಿಂಡರನ್ನು ಟೆಸ್ಟಿಗೆ ಹತ್ತಿರದ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಕೊಡುವ ಮುಂಚೆ ವಾಲ್ವ್ ಮತ್ತು ಕತ್ತು ಸೇರುವ ಕಡೆ ಬಿಳಿ ಪೇಂಟಿನಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದೆ. ಅನುಮಾನದಿಂದಲ್ಲ, ವಾಪಸ್ ಕೂರಿಸುವಾಗ ಎಷ್ಟು ತಿರುಗಿಸಿದರು ಅಂತ ತಿಳಿಯಲಿ ಎಂದು. ಎರಡು ದಿನ ಬಿಟ್ಟು ಹೋದರೆ ಮೈಗೆಲ್ಲ ಹೊಸ ಹಳದಿ ಬಣ್ಣ, ಭುಜದ ಮೇಲೆ ಹೊಸ ದಿನಾಂಕ. ಆ ಬಣ್ಣದ ಅಡಿಯಲ್ಲಿ ನನ್ನ ಗೆರೆ ಇನ್ನೂ ಕಾಣುತ್ತಿತ್ತು. ಒಂದು ಕೂದಲಷ್ಟೂ ಸರಿದಿರಲಿಲ್ಲ. ವಾಲ್ವ್ ಬಿಚ್ಚದೆ ಒಳಗೆ ನೀರು ತುಂಬುವುದು ಹೇಗೆ? ಕೇಳಿದೆ. “ಪ್ರೆಶರ್ ಹಾಕಿ ನೋಡಿದ್ದೇವೆ ಸರ್, ಏನೂ ಆಗಲ್ಲ” ಎಂದರು. ಗಾಳಿ ತುಂಬಿ ನೋಡಿದ್ದಾರೆ, ಅಷ್ಟೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ದಿನಾಂಕ ನಂಬಿ ಯಾರಾದರೂ ತುಂಬುತ್ತಿದ್ದರು, ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ, ಅಲ್ವಾ?

ಮರುದಿನ ನಾಲ್ಕನ್ನೂ ಅಂಗಳದಲ್ಲಿ ಇಟ್ಟು ನಿಧಾನ ಖಾಲಿ ಮಾಡಿದೆ. ಒಮ್ಮೆಲೇ ಬಿಟ್ಟರೆ ವಾಲ್ವ್ ಐಸ್ ಆದಂತೆ ತಣ್ಣಗಾಗುತ್ತದೆ, ತೇವ ಕಟ್ಟುತ್ತದೆ. ಸ್ಟೀಲಿನ ಒಂದನ್ನು ತಲೆಕೆಳಗೆ ಮಾಡಿ ವಾಲ್ವ್ ತೆರೆದಾಗ ಕಂದು ನೀರು ಹನಿಯಿತು. ಹಿಂದಿನ ಮಳೆಗಾಲದ ಮುಂಚೆ ಒಂದು ದೊಡ್ಡ ಬಲೆ ಬಿಡಿಸುವಾಗ ಗಾಳಿ ಪೂರ್ತಿ ಮುಗಿಸಿದ್ದೆ. ಮೇಲೆ ಬಂದು ವಾಲ್ವ್ ಮುಚ್ಚದೆ ಬೋಟಿನಲ್ಲಿ ಬಿಟ್ಟಿದ್ದೆ. ಉಪ್ಪುನೀರು ಒಳಗೆ ಹೋದದ್ದು ಆಗಲೇ ಇರಬೇಕು. ತುಕ್ಕು ಲೋಹವನ್ನು ತಿನ್ನುವುದರ ಜೊತೆಗೆ ಒಳಗಿನ ಗಾಳಿಯ ಆಮ್ಲಜನಕವನ್ನೂ ತಿನ್ನುತ್ತದೆ. ತುಂಬ ದಿನ ಸುಮ್ನೆ ಇಟ್ಟ ಅಂಥ ಸಿಲಿಂಡರಿನ ಗಾಳಿ ಉಸಿರಾಡಿದರೆ ನೀರಿನೊಳಗೆ ಸದ್ದಿಲ್ಲದೆ ಎಚ್ಚರ ತಪ್ಪಬಹುದು.

ನಂತರ ‘ಪೆಸೊ’ ಅನುಮತಿ ಇರುವ ಟೆಸ್ಟಿಂಗ್ ಘಟಕ ಹುಡುಕಿದೆ. ಪೆಸೊ ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ, ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳನ್ನು ನೋಡಿಕೊಳ್ಳುವುದು ಅವರೇ. ಹುಬ್ಬಳ್ಳಿ ಕಡೆ ಅಂಥ ಒಂದು ಘಟಕ ಸಿಕ್ಕಿತು. ಓಮ್ನಿಯಲ್ಲಿ ಸಿಲಿಂಡರುಗಳನ್ನು ಅಡ್ಡ ಮಲಗಿಸಿ, ಹಳೆ ಬಲೆ ಸುತ್ತಿ, ಹಗ್ಗದಿಂದ ಕಟ್ಟಿದೆ. ಅಂಕೋಲಾ ದಾಟಿ ಅರಬೈಲ್ ಘಟ್ಟದ ತಿರುವುಗಳಲ್ಲಿ ಒಂದೂ ಹೊರಳಲಿಲ್ಲ.

ಅಲ್ಲಿ ನಾನು ಪೂರ್ತಿ ನಿಂತು ನೋಡಿದೆ. ನೀವೂ ನಿಲ್ಲಿ. ಮೊದಲು ಕೆಳಗಿನ ರಬ್ಬರ್ ಬೂಟು ಕಳಚಿದರು. ಅಡಿಯಲ್ಲಿ ಉಪ್ಪು ಗಟ್ಟಿ ಪದರವಾಗಿ ಕೂತಿತ್ತು, ವರ್ಷಗಟ್ಟಲೆ ನಾನು ಬಿಚ್ಚಿರಲೇ ಇಲ್ಲ. ವಾಲ್ವ್ ತೆಗೆದು ಒಳಗೆ ಸಣ್ಣ ಬಲ್ಬ್ ಇಳಿಸಿ ನೋಡಿದರು. ಆಮೇಲೆ ತೂಕ. ಕೊರೆದಿರುವ ತೂಕಕ್ಕಿಂತ 5 ಶೇಕಡಕ್ಕೂ ಜಾಸ್ತಿ ಕಡಿಮೆಯಾಗಿದ್ದರೆ ಅಲ್ಲಿಗೇ ಮುಗಿಯಿತು. ನನ್ನ ತುಕ್ಕಿನ ಸಿಲಿಂಡರ್ ಇದರಲ್ಲಿ ಹೇಗೋ ಪಾರಾಯಿತು.

ಟೆಸ್ಟಿಗೆ ಸಿಲಿಂಡರಿನ ಒಳಗೂ ನೀರು, ಅದನ್ನು ಇಳಿಸುವ ದಪ್ಪ ಡ್ರಮ್ಮಿನಲ್ಲೂ ನೀರು. ನೀರೇ ಯಾಕೆಂದರೆ ಅದು ಗಾಳಿಯ ಹಾಗೆ ಹಿಚುಕಿಕೊಳ್ಳುವುದಿಲ್ಲ. ಸಿಲಿಂಡರ್ ಒಡೆದರೂ ಸಿಡಿಯುವ ಜೋರು ಇರುವುದಿಲ್ಲ. 200 ಬಾರಿನದಕ್ಕೆ 300 ಬಾರ್ ತನಕ ಏರಿಸಿದರು. ಸಿಲಿಂಡರ್ ಸ್ವಲ್ಪ ಉಬ್ಬುತ್ತದೆ, ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಮೇಲೆ ಬರುತ್ತದೆ. ಪ್ರೆಶರ್ ಇಳಿಸಿದ ಮೇಲೆ ಆ ನೀರು ಕೆಳಗೆ ಹೋಗಬೇಕು. ಉಬ್ಬಿದ್ದರಲ್ಲಿ 10 ಶೇಕಡಕ್ಕಿಂತ ಜಾಸ್ತಿ ಹಾಗೇ ಉಳಿದರೆ ಲೋಹ ಸೋತಿದೆ ಅಂತ ಅರ್ಥ. ಮೂರರಲ್ಲಿ ನೀರು ಚೆನ್ನಾಗಿ ಇಳಿಯಿತು. ನಾಲ್ಕನೆಯದರಲ್ಲಿ ಅರ್ಧದಾರಿಯಲ್ಲೇ ನಿಂತಿತು.

“ಇದನ್ನು ಕೊಡಲ್ಲ ಅಣ್ಣಾ, ಕತ್ತರಿಸಬೇಕು” ಎಂದ ಅಲ್ಲಿನ ಹುಡುಗ. ನಿಯಮವೂ ಅದೇ: ಮತ್ತೆ ಬೆಸುಗೆ ಹಾಕಲಾಗದಂತೆ ತುಂಡು ಮಾಡಬೇಕು. ಹೊಟ್ಟೆ ಉರಿಯಿತು, ನಿಜ. ಆದರೆ ಗರಗಸ ಇಳಿದು ಒಳಗೋಡೆ ಕಂಡಾಗ ಬೆವರು ಬಂತು. ಕೆಳಭಾಗದಲ್ಲಿ ಹೆಸರುಕಾಳಿನಷ್ಟು ಗುಳಿಗಳು, ಸಾಲು ಸಾಲು.

ಉಳಿದವನ್ನು ಬಿಸಿಗಾಳಿಯಲ್ಲಿ ಒಣಗಿಸಿ, ವಾಲ್ವ್ ಬುಡಕ್ಕೆ ಹೊಸ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿಸಿದೆ. ವಾಲ್ವ್ ಕೂರಿಸುವಾಗ ಥ್ರೆಡ್ ಯಾವುದು ಅಂತ ಕೇಳಿ ನೋಡಿ. ಮುಕ್ಕಾಲು ಇಂಚಿನ ಥ್ರೆಡ್ ಇರುವ ಕತ್ತಿಗೆ ಎಂ25 (ಮೆಟ್ರಿಕ್ ಅಳತೆಯ ಥ್ರೆಡ್) ವಾಲ್ವ್ ಒಂದಷ್ಟು ಸುತ್ತು ಕೂತಂತೆಯೇ ಅನಿಸುತ್ತದೆ, ಪ್ರೆಶರ್ ಏರಿದಾಗ ಗುಂಡಿನ ಹಾಗೆ ಹಾರುತ್ತದೆ. ಹಳೇ ಅಲ್ಯೂಮಿನಿಯಂ ಕೊಳ್ಳುವವರು 6351 ಮಿಶ್ರಲೋಹದ್ದನ್ನು ಬಿಟ್ಟುಬಿಡಿ. ಅದರ ಕತ್ತಿನಲ್ಲಿ ಬಿರುಕು ಬರುವುದುಂಟು. ಬಣ್ಣ ಹೊಡೆಸಿದರೂ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಬೇಡವೇ ಬೇಡ. ಆ ಶಾಖಕ್ಕೆ ಅಲ್ಯೂಮಿನಿಯಂ ಮೆತ್ತಗಾಗುತ್ತದೆ.

ಈಗ ಎಷ್ಟೇ ಅವಸರ ಇದ್ದರೂ 20 ಬಾರ್ ಉಳಿಸಿಕೊಂಡೇ ಮೇಲೆ ಬರುತ್ತೇನೆ. ಪ್ರತಿ ಸಲ ಬೂಟು ಕಳಚಿ ಬಾವಿನೀರಿನಲ್ಲಿ ತೊಳೆಯುತ್ತೇನೆ. ತುಂಬಿಸುವ ಮುಂಚೆ ವಾಲ್ವ್ ಒಂದು ಕ್ಷಣ ತೆರೆದು ಬಾಯಲ್ಲಿ ನಿಂತ ನೀರಿನ ಹನಿ ಹಾರಿಸುತ್ತೇನೆ. ಇಲ್ಲದಿದ್ದರೆ ಆ ಒಂದು ಹನಿಯನ್ನೇ ಕಂಪ್ರೆಸರ್ ಸಿಲಿಂಡರಿನೊಳಗೆ ತಳ್ಳುವುದು. ಕಂಪ್ರೆಸರಿನ ಗಾಳಿ ಎಳೆಯುವ ಪೈಪನ್ನು ಡೀಸೆಲ್ ಹೊಗೆಯಿಂದ ದೂರ, ಗಾಳಿ ಬರುವ ಕಡೆಗೆ ಕಟ್ಟಿದ್ದೇನೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ನನಗೂ ಕೆಲಸ ಕಡಿಮೆ. ವರ್ಷದ ತಪಾಸಣೆಗೆ ಅದೇ ಹೊತ್ತು. ಮೂರರ ವಾಲ್ವಿಗೂ ಬಿಳಿ ಗೆರೆ ಎಳೆದೇ ಕೊಡುತ್ತೇನೆ. ಈ ಸಲ ಮೂರೂ ಗೆರೆಗಳು ಮುರಿದು, ಒಂದೆರಡು ಮಿಲಿಮೀಟರ್ ಸರಿದು ಬಂದವು.