ನೀನಾ ಹಾಸ್ ಸಿನಿಮಾಗಳನ್ನ ವರ್ಷದ ಸಾಲಲ್ಲಿ ನೋಡಿ ನಾನು ಪಾತ್ರ ಕಟ್ಟಿದ್ದು: ನನ್ನ ಅನುಭವ

ಹವ್ಯಾಸಿ ನಾಟಕದಲ್ಲಿ ಪಾತ್ರ ಮಾಡೋರಿಗೆ, ಅದ್ರಲ್ಲೂ ಹೆಣ್ಣಿನ ಪಾತ್ರ ಅಂದ್ರೆ ಗಂಟಲು ಕಟ್ಟಿಸ್ಕೊಂಡು ಅಳೋದೇ ಅಭಿನಯ ಅಂತ ನಂಬಿರೋರಿಗೆ, ಜರ್ಮನಿಯ ನೀನಾ ಹಾಸ್ ಅವರ ಸಿನಿಮಾಗಳನ್ನ ಶುರುವಿಂದ ಸಾಲಾಗಿ ನೋಡಿ ಅಂತ ಹೇಳ್ತೀನಿ. ನಾನು ಹಂಗೇ ನೋಡ್ದೆ. ನಮ್ಮ ತಂಡದ ನಾಟಕದಲ್ಲಿ ನಂಗೆ ನರ್ಸ್ ಪಾತ್ರ ಬಂದಿತ್ತು, ಅವಳ ಮನಸ್ಸಲ್ಲಿ ಏನಿದೆ ಅಂತ ಕೊನೇವರೆಗೂ ಯಾರಿಗೂ ಗೊತ್ತಾಗಬಾರದು, ಆದ್ರೆ ಏನೋ ಇದೆ ಅನ್ನೋದು ಮಾತ್ರ ಹಿಂದಿನ ಸಾಲಲ್ಲಿ ಕೂತೋರಿಗೂ ತಟ್ಟಬೇಕು. ಅದನ್ನ ಮಾಡೋದು ಹೇಗೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಈ ನಟಿ.

ಸ್ವಲ್ಪ ಹಿನ್ನೆಲೆ ಹೇಳ್ಬಿಡ್ತೀನಿ. ನೀನಾ ಹಾಸ್ ಹುಟ್ಟಿದ್ದು 1975ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ. ತಾಯಿ ರಂಗನಟಿ, ತಂದೆ ವಿಲ್ಲಿ ಹಾಸ್ ಡೈಮ್ಲರ್ ಕಾರ್ಖಾನೆಯಲ್ಲಿ ದುಡೀತಿದ್ದ ಕಾರ್ಮಿಕ ಮುಖಂಡ, ಆಮೇಲೆ ಗ್ರೀನ್ ಪಕ್ಷದಿಂದ ಸಂಸತ್ತಿಗೆ ಹೋದೋರು. ಬರ್ಲಿನ್ನಿನ ಎರ್ನ್‌ಸ್ಟ್ ಬುಷ್ ನಾಟಕ ಶಾಲೆಯಲ್ಲಿ ಓದ್ತಾ ಇರುವಾಗ್ಲೇ 1996ರಲ್ಲಿ 'ದಾಸ್ ಮೆಡ್ಚೆನ್ ರೋಸ್‌ಮರೀ' ಅನ್ನೋ ಟಿವಿ ಸಿನಿಮಾದಲ್ಲಿ ಮುಖ್ಯ ಪಾತ್ರ, ಒಂದೇ ಸಲಕ್ಕೆ ದೇಶಕ್ಕೆಲ್ಲ ಪರಿಚಯ ಆದ್ರು. ಅಷ್ಟು ಹೆಸರು ಬಂದ್ಮೇಲೂ ನಾಟಕ ಬಿಡ್ಲಿಲ್ಲ, ನಂಗೆ ತುಂಬಾ ಇಷ್ಟ ಆಗಿದ್ದು ಇದೇ. 1998ರಿಂದ 2013ರ ತನಕ ಬರ್ಲಿನ್ನಿನ ಡಾಯ್ಚಸ್ ಥಿಯೇಟರ್ ತಂಡದಲ್ಲಿ, ಅದಾದ್ಮೇಲೆ ಶಾಬ್ಯೂನೆ ಅನ್ನೋ ಅಲ್ಲಿನ ಇನ್ನೊಂದು ನಾಟಕ ತಂಡದಲ್ಲಿ. ಗ್ರೀಕ್ ದುರಂತ ನಾಟಕದ ಮೆಡಿಯಾ ಪಾತ್ರ ಮಾಡಿದೋರು ಅವರು, ಗಂಡನ ಮೇಲಿನ ಸೇಡಿಗೆ ಸ್ವಂತ ಮಕ್ಕಳನ್ನೇ ಕೊಲ್ಲೋ ಹೆಂಗಸು! ಕ್ಯಾಮೆರಾ ಮುಂದೆ ಅಷ್ಟು ಕಡಿಮೆ ಮಾಡೋ ಧೈರ್ಯ ಬಂದಿದ್ದು ಸ್ಟೇಜ್ ಮೇಲೆ ಅಷ್ಟು ದೊಡ್ಡದನ್ನ ಮಾಡಿದ್ರಿಂದ್ಲೇ ಅಂತ ನನ್ನ ನಂಬಿಕೆ.

ನಾನು ನೋಡಿದ ರೀತಿ ಹೇಳ್ತೀನಿ. ಮೊದಲ ಸಲ ಸಬ್‌ಟೈಟಲ್ ಹಾಕ್ಕೊಂಡು ಕತೆಗೋಸ್ಕರ. ಎರಡನೇ ಸಲ ಸೌಂಡೂ ಇಲ್ಲ ಸಬ್‌ಟೈಟಲ್ಲೂ ಇಲ್ಲ, ಬರೀ ನಡಿಗೆ, ಕೈ, ಇನ್ನೊಬ್ರು ಮಾತಾಡ್ತಿರುವಾಗ ಇವರ ಕಣ್ಣು ಎಲ್ಲಿರತ್ತೆ ಅನ್ನೋದು. ಅವರ ಎಲ್ಲಾ ಸಿನಿಮಾಗಳಿಗೂ ಹೀಗೆ ಕೂರೋಕಾಗಲ್ಲ. 'ದಿ ವೈಸೆ ಮಸಾಯಿ' ಜರ್ಮನಿಯಲ್ಲಿ ತುಂಬಾ ಓಡಿದ ಸಿನಿಮಾ, ನಂಗೆ ಅದ್ರಿಂದ ಕಲಿಯೋಕೆ ಹೆಚ್ಚೇನೂ ಸಿಗ್ಲಿಲ್ಲ. ಕೂತು ನೋಡ್ಬೇಕಾಗಿರೋದು ನಿರ್ದೇಶಕ ಕ್ರಿಸ್ಟಿಯಾನ್ ಪೆಟ್ಜೋಲ್ಡ್ ಜೊತೆ ಮಾಡಿದ ಆರು ಸಿನಿಮಾ: 2001ರ 'ಟೋಟರ್ ಮಾನ್', ಆಮೇಲೆ 'ವೋಲ್ಫ್ಸ್‌ಬುರ್ಗ್', 'ಯೆಲ್ಲಾ', 'ಯೆರಿಖೋ', 'ಬಾರ್ಬರಾ', ಕೊನೆಗೆ 2014ರ 'ಫೀನಿಕ್ಸ್'. ಒಬ್ಬ ನಿರ್ದೇಶಕ ಒಬ್ಬ ನಟಿ ಹದಿಮೂರು ವರ್ಷ ಒಟ್ಟಿಗೆ ಬೆಳೆದಿರೋದು ಸಾಲಾಗಿ ನೋಡಿದ್ರೆ ಮಾತ್ರ ಕಾಣೋದು. 'ಯೆಲ್ಲಾ'ಕ್ಕೆ 2007ರ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಅಂತ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಎಲ್ಬೆ ನದಿ ದಡದ ಊರಿಂದ ಹ್ಯಾನೋವರ್‌ಗೆ ಕೆಲಸ ಹುಡ್ಕೊಂಡು ಹೋಗೋ ಹೆಂಗಸು, ಕಂಪನಿ ಮೀಟಿಂಗಲ್ಲಿ ಸುಮ್ನೆ ಕೂತೇ ಎದುರಿನೋರಿಗೆ ಬೆವರು ಬರಿಸ್ತಾಳೆ.

ಆದ್ರೆ ನನ್ನ ಪಾತ್ರಕ್ಕೆ ದಾರಿ ತೋರ್ಸಿದ್ದು 2012ರ 'ಬಾರ್ಬರಾ'. ಕತೆ 1980ರ ಪೂರ್ವ ಜರ್ಮನಿದು. ದೇಶ ಬಿಟ್ಟು ಪಶ್ಚಿಮಕ್ಕೆ ಹೋಗ್ತೀನಿ ಅಂತ ಅರ್ಜಿ ಹಾಕಿದ ತಪ್ಪಿಗೆ ಬರ್ಲಿನ್ನಿನ ದೊಡ್ಡ ಆಸ್ಪತ್ರೆಯ ಡಾಕ್ಟರ್ ಬಾರ್ಬರಾನ (ನೀನಾ ಅವರ ಪಾತ್ರ) ಬಾಲ್ಟಿಕ್ ಕಡಲ ಹತ್ರದ ಸಣ್ಣ ಊರಿಗೆ ಎತ್ತಂಗಡಿ ಮಾಡಿರ್ತಾರೆ. ಮೊದಲ ದೃಶ್ಯ ನೋಡಿ. ಬಸ್ಸಿಂದ ಇಳೀತಾಳೆ, ಡ್ಯೂಟಿಗೆ ಇನ್ನೂ ಟೈಮಿದೆ, ಬೆಂಚ್ ಮೇಲೆ ಕೂತು ಸಿಗರೇಟ್ ಸೇದ್ತಾಳೆ ಅಷ್ಟೇ. ಮೇಲೆ ಕಿಟಕಿಯಿಂದ ಆಸ್ಪತ್ರೆಯ ಡಾಕ್ಟರೂ ಸ್ಟಾಸಿ (ಪೂರ್ವ ಜರ್ಮನಿಯ ಗುಪ್ತ ಪೊಲೀಸ್) ಅಧಿಕಾರಿಯೂ ನೋಡ್ತಿದ್ದಾರೆ, ಒಂದು ಸೆಕೆಂಡ್ ಮುಂಚೆ ಕೂಡ ಒಳಗೆ ಬರಲ್ಲ ಇವಳು ಅಂತ ಆ ಅಧಿಕಾರಿ ಅಂತಾನೆ. ಈ ದೃಶ್ಯವನ್ನ ಸೌಂಡಿಲ್ದೆ ಎಷ್ಟು ಸಲ ನೋಡಿದೀನೋ. ಬೆನ್ನು ನೆಟ್ಟಗಿದೆ, ಆದ್ರೆ ಸೆಟೆದುಕೊಂಡಿಲ್ಲ. ಮುಖದಲ್ಲಿ ಸಿಟ್ಟೂ ಇಲ್ಲ ದುಃಖವೂ ಇಲ್ಲ, ಕೈಗೆ ಒಂದು ಕೆಲಸ ಇದೆ, ಆ ಕೆಲಸ ಎಷ್ಟು ಹೊತ್ತು ನಡೀಬೇಕು ಅನ್ನೋದನ್ನ ಅವಳೇ ತೀರ್ಮಾನ ಮಾಡ್ತಾಳೆ. ಅಷ್ಟರಲ್ಲೇ ಈ ಹೆಂಗಸಿಗೆ ಉಳಿದಿರೋ ಸ್ವಾತಂತ್ರ್ಯ ಎಷ್ಟು ಅಂತ ನಮಗೆ ಗೊತ್ತಾಗೋಗತ್ತೆ.

ಇನ್ನೊಂದು ಕಾರಿನ ದೃಶ್ಯ. ಕಿಟಕಿಯಿಂದ ನೋಡ್ತಿದ್ದ ಆ ಡಾಕ್ಟರ್ ಅವಳಿಗೆ ಮನೆ ತನಕ ಡ್ರಾಪ್ ಕೊಡ್ತಾನೆ, ಮನೆ ಎಲ್ಲಿ ಅಂತ ಕೇಳೋದೇ ಇಲ್ಲ, ಸೀದಾ ದಾರಿ ಹಿಡೀತಾನೆ. ಇವನಿಗೂ ನನ್ನ ಫೈಲ್ ಗೊತ್ತು ಅಂತ ಅವಳಿಗೆ ಹೊಳೆಯೋ ಕ್ಷಣ ಇದ್ಯಲ್ಲ, ನಮ್ಮಲ್ಲಾದ್ರೆ ಕಣ್ಣು ಅಗಲ ಮಾಡಿ ಒಂದು ಮ್ಯೂಸಿಕ್ ಕೊಡ್ತೀವಿ. ನೀನಾ ಅದನ್ನ ಮುಖದಲ್ಲಿ ತೋರ್ಸೋಕೆ ಹೋಗಲ್ಲ, ಅನುಮಾನ ಏನಿದ್ರೂ ಮಾತಿನ ತಣ್ಣಗಿನಲ್ಲಿದೆ.

ಇದನ್ನ ತಾಲೀಮಿಗೆ ತಂದಿದ್ದು ಹೀಗೆ. ನನ್ನ ನರ್ಸ್‌ಗೆ ಪ್ರತಿ ದೃಶ್ಯದಲ್ಲೂ ಒಂದು ನಿಜವಾದ ಕೆಲಸ ಕೊಡಿ ಅಂತ ನಿರ್ದೇಶಕರನ್ನ ಕೇಳ್ಕೊಂಡೆ, ಬ್ಯಾಂಡೇಜ್ ಸುತ್ತೋದು, ಬೆಡ್‌ಶೀಟ್ ಮಡಚೋದು, ಈ ಥರದ್ದು. ಮನೇಲಿ ಅದು ಕೈಗೆ ಕೂರೋ ತನಕ ಸುತ್ತಿದೆ. ಆಮೇಲೆ ಒಂದು ರೂಲ್ ಮಾಡ್ಕೊಂಡೆ, ಎದುರಿನ ಪಾತ್ರ ನೋಯಿಸೋ ಮಾತು ಆಡಿದಾಗ ಮುಖ ಬದಲಾಯಿಸಬಾರದು, ಕೈಯ ವೇಗ ಮಾತ್ರ ಬದಲಾಗ್ಬೇಕು. ಮೊದಮೊದಲು ತಂಡದೋರು "ಅಕ್ಕಾ, ಏನೂ ಮಾಡ್ತಿಲ್ಲ ಅನ್ಸುತ್ತೆ" ಅಂತಿದ್ರು. ಬ್ಯಾಂಡೇಜ್ ಸುತ್ತೋದು ಅರ್ಧಕ್ಕೆ ನಿಂತು ಮತ್ತೆ ಶುರುವಾಗ್ಬೇಕು ಅಂತ ಒಂದು ಕಡೆ ಗುರುತು ಮಾಡ್ಕೊಂಡ್ವಿ, ಶೋ ದಿನ ಆ ಜಾಗದಲ್ಲಿ ಹಾಲ್ ಪೂರ್ತಿ ಸದ್ದಡಗಿತು.

'ಫೀನಿಕ್ಸ್' ಇನ್ನೂ ಕಷ್ಟದ ಪಾಠ, ನಾನಿನ್ನೂ ಅದನ್ನ ಬಿಡಿಸ್ತಾನೇ ಇದೀನಿ. ನಾಜಿ ಕ್ಯಾಂಪಿಂದ ಬದುಕಿ ಬಂದ ನೆಲ್ಲಿ, ಮುಖಕ್ಕೆ ಆಪರೇಷನ್ ಆಗಿ ಗಂಡನಿಗೇ ಗುರುತು ಸಿಗಲ್ಲ. ಸತ್ತ ಹೆಂಡ್ತಿ ಥರ ನಟಿಸು, ಆಸ್ತಿ ತಗೋಣ ಅಂತ ಅವನು ಅವಳಿಗೇ ಅವಳ ನಡಿಗೆ, ಅವಳ ಕೈಬರಹ ಕಲಿಸ್ತಾನೆ. ಕೆಂಪು ಡ್ರೆಸ್, ಪ್ಯಾರಿಸ್ಸಿನ ಶೂ ಹಾಕ್ಕೊಂಡು ಬರ್ಬೇಕು ಅಂತಾನೆ, ಕ್ಯಾಂಪಿಂದ ಯಾರು ಹೀಗೆ ಬರ್ತಾರೆ ಅಂತ ಇವಳು ಕೇಳ್ತಾಳೆ. ನೀನಾ ಅವರು ಇಲ್ಲಿ ಒಂದೇ ಸಲಕ್ಕೆ ನೆಲ್ಲಿಯೂ ಆಗಿರ್ಬೇಕು, ನೆಲ್ಲಿ ಆಗೋಕೆ ಒದ್ದಾಡೋ ಬೇರೆಯವಳೂ ಆಗಿರ್ಬೇಕು, ಅದೂ ಆ ಶೂ ಹಾಕ್ಕೊಂಡು ತಡವರಿಸೋ ಹೆಜ್ಜೆಯಲ್ಲೇ. ಕೊನೇ ದೃಶ್ಯ ಹೇಳಲ್ಲ, ನೀವೇ ನೋಡ್ಬೇಕು.

ಅದಾದ್ಮೇಲೆ 2019ರ 'ದಾಸ್ ಫೋರ್‌ಷ್ಪೀಲ್', ವಯಲಿನ್ ಟೀಚರ್ ಪಾತ್ರ, ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ. ಹೋಟೆಲಿಗೆ ಹೋದ್ರೆ ಕೂತ ಟೇಬಲ್ ಸರಿಯಿಲ್ಲ ಅಂತ ಎದ್ದು ಇನ್ನೊಂದಕ್ಕೆ ಹೋಗೋ ಹೆಂಗಸು ಅವಳು, ಅವಳ ಒಳಗಿನ ಭಯ ಎಲ್ಲ ಅಲ್ಲೇ ಕಾಣತ್ತೆ. 2022ರ 'ಟಾರ್'ನಲ್ಲಿ ಅವರದ್ದು ಕಾನ್ಸರ್ಟ್ ಮಾಸ್ಟರ್ (ಆರ್ಕೆಸ್ಟ್ರಾದ ಮುಖ್ಯ ವಯಲಿನ್ ವಾದಕಿ) ಪಾತ್ರ, ನಾಯಕಿ ಕೇಟ್ ಬ್ಲಾಂಚೆಟ್ ಸಿನಿಮಾ ತುಂಬಾ ಮಾತಾಡ್ತಾರೆ, ಇವರು ವಯಲಿನ್ ಹಿಡ್ಕೊಂಡು ಕೇಳಿಸ್ಕೋತಾರೆ. ಆದ್ರೂ ಎದುರಿಗಿರೋರು ಎಲ್ಲಿ ಸುಳ್ಳು ಹೇಳ್ತಿದಾರೆ ಅನ್ನೋದು ನಮಗೆ ತಿಳಿಯೋದು ಇವರ ಮುಖ ನೋಡಿನೇ. ಈಗ ನಮ್ಮ ತಂಡದಲ್ಲಿ ವಾರಕ್ಕೊಂದು ತಾಲೀಮು ಇದಕ್ಕೇ ಇಟ್ಟಿದೀವಿ: ಒಬ್ರು ಡೈಲಾಗ್ ಹೇಳ್ಬೇಕು, ಉಳಿದೋರೆಲ್ಲ ನೋಡ್ಬೇಕಾಗಿರೋದು ಕೇಳಿಸ್ಕೊಳ್ತಾ ಇರೋರನ್ನ.