ಕೀ ಉತ್ತರ ಮೊದಲು, ಪ್ರಶ್ನೆ ಆಮೇಲೆ

ಪರೀಕ್ಷೆ ಕೆಟ್ಟಿದೆ ಅಂದಕೂಡಲೇ ನಮ್ಮಲ್ಲಿ ಮಾತು ನಕಲು, ಸೋರಿಕೆಗೆ ಹೊರಳುತ್ತದೆ. ಅದೇನೂ ಸುಳ್ಳಲ್ಲ. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪತ್ರಿಕೆ ಎರಡು ಸಲ ಸೋರಿ, ಮಕ್ಕಳು ಏಪ್ರಿಲ್‌ನಲ್ಲಿ ಮತ್ತೆ ಕೂರಬೇಕಾಯಿತು. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಏರಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಆದರೆ ಕ್ಯಾಮೆರಾಕ್ಕೆ ಕಾಣದ ಎರಡು ಮೇಜುಗಳಿವೆ: ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಮೇಜು, ಉತ್ತರಪತ್ರಿಕೆಗಳ ಬಂಡಲ್ ತಿದ್ದುವ ಮೇಜು. ಹತ್ತನೇ ತರಗತಿ ಗಣಿತಕ್ಕೆ ಶಾಲಾ ಮಟ್ಟದ ಪೂರ್ವಸಿದ್ಧತಾ ಪರೀಕ್ಷೆ ನಡೆಸುವಾಗ ಆ ಎರಡೂ ಕಡೆ ನಾನು ಅನುಸರಿಸುವ ಕ್ರಮ ಇದು.

ಪ್ರಶ್ನೆಪತ್ರಿಕೆಯ ನೀಲನಕ್ಷೆ ಮೇಷ್ಟ್ರುಗಳಿಗೆಲ್ಲ ಗೊತ್ತು. 80 ಅಂಕಕ್ಕೆ 38 ಪ್ರಶ್ನೆ: ಬಹು ಆಯ್ಕೆ 8, ಒಂದು ಅಂಕದ್ದು 8, ಎರಡರದ್ದು 8, ಮೂರರದ್ದು 9, ನಾಲ್ಕರದ್ದು 4, ಐದರದ್ದು ಒಂದು. ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಅಂತ ಅದು ಹೇಳುತ್ತದೆ, ಅಷ್ಟೆ. ಅಂಕ ಯಾವ ಕೆಲಸಕ್ಕೆ ಅನ್ನುವುದನ್ನು ಹೇಳುವುದಿಲ್ಲ. ಹಾಗಾಗಿ ನಾನು ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು ಮೊದಲು ಉತ್ತರದ ಹಂತಗಳನ್ನೂ ಪ್ರತಿ ಹಂತದ ಅಂಕವನ್ನೂ ಬರೆಯುತ್ತೇನೆ. ಅದೇ ಕೀ ಉತ್ತರ. ಪ್ರಶ್ನೆಯ ವಾಕ್ಯ ಕೊನೆಗೆ.

ಒಂದು ಉದಾಹರಣೆ ನೋಡಿ. 3, 7, 11, ... ಈ ಸಮಾಂತರ ಶ್ರೇಢಿಯ ಮೊದಲ 20 ಪದಗಳ ಮೊತ್ತ, ಎರಡು ಅಂಕ. ಸೂತ್ರಕ್ಕೆ ½, ಬೆಲೆ ಆದೇಶಿಸಿದ್ದಕ್ಕೆ (ಅಂದರೆ ಸೂತ್ರದಲ್ಲಿ ತುಂಬಿದ್ದಕ್ಕೆ) ½, 10(6 + 76) ವರೆಗೆ ಸುಲಭೀಕರಿಸಿದ್ದಕ್ಕೆ ½, 820 ಎಂಬ ಉತ್ತರಕ್ಕೆ ½. ಈಗ ಒಬ್ಬ ಹುಡುಗ ಸೂತ್ರವನ್ನೇ ಬರೆಯದೆ ಇಪ್ಪತ್ತೂ ಪದಗಳನ್ನು ಸಾಲಾಗಿ ಬರೆದು ಕೂಡಿ 820 ತಂದ ಅಂದುಕೊಳ್ಳಿ. ಪ್ರಶ್ನೆಯಲ್ಲಿ ‘ಮೊತ್ತ ಕಂಡುಹಿಡಿಯಿರಿ’ ಎಂದಷ್ಟೇ ಇದ್ದರೆ ಅವನಿಗೆ ಪೂರ್ತಿ ಎರಡು ಅಂಕ ಸಲ್ಲಬೇಕು. ಒಬ್ಬ ಮೇಷ್ಟ್ರು ಎರಡು ಕೊಡುತ್ತಾರೆ, ಪಕ್ಕದವರು ಅರ್ಧ ಕೊಡುತ್ತಾರೆ, ಇಬ್ಬರೂ ವಾದಕ್ಕೆ ನಿಲ್ಲುತ್ತಾರೆ. ತಪ್ಪು ಇಬ್ಬರದ್ದೂ ಅಲ್ಲ, ಪ್ರಶ್ನೆಯದ್ದು. ಸೂತ್ರಕ್ಕೆ ಅಂಕ ಇಟ್ಟಿದ್ದರೆ ‘ಸೂತ್ರದ ಸಹಾಯದಿಂದ’ ಎಂಬ ಮಾತು ಪ್ರಶ್ನೆಯಲ್ಲೇ ಇರಬೇಕು. ಕೊನೆಯ ಪದ 79 ಎಂದು ತೆಗೆದು 10(3 + 79) ಮಾಡಿದವರೂ ಇರುತ್ತಾರೆ. ಆ ದಾರಿಯ ಅಂಕ ಹಂಚಿಕೆಯೂ ಕೀ ಉತ್ತರದಲ್ಲಿ ಬೇಕು.

ಸಾಮಾನ್ಯ ವ್ಯತ್ಯಾಸವನ್ನು 4ರ ಬದಲು 3 ಎಂದು ಹಿಡಿದು, ಮುಂದೆ ಎಲ್ಲ ಸರಿಯಾಗಿ ಮಾಡಿ 630 ತಂದವರಿಗೆ? ಆದೇಶದ ½ ಮಾತ್ರ ಕಳೆಯುತ್ತೇನೆ. ಒಂದು ತಪ್ಪಿಗೆ ಒಂದೇ ದಂಡ. ಪರೀಕ್ಷಾ ಮಂಡಳಿಯ ಮೌಲ್ಯಮಾಪನದಲ್ಲಿ ಅಲ್ಲಿ ಕೊಟ್ಟ ಕೀ ಉತ್ತರವೇ ಅಂತಿಮ. ಶಾಲೆಯ ಪರೀಕ್ಷೆಯಲ್ಲಿ ಈ ನಿಯಮವನ್ನು ಮೊದಲೇ ಬರೆದಿಡಬಹುದು. ನಾಲ್ಕು ಅಂಕದ ಲೆಕ್ಕದಲ್ಲಿ ಇದರ ಬೆಲೆ ಗೊತ್ತಾಗುತ್ತದೆ: ಎರಡನೇ ಸಾಲಿನಲ್ಲಿ ಎಡವಿದ ಮಗು ಮುಂದೆ ಏನು ಮಾಡಿದರೂ ಸೊನ್ನೆ ಎಂದಾದರೆ, ಆ ಪ್ರಶ್ನೆ ನಾಲ್ಕನ್ನೋ ಒಂದನ್ನೋ ಕೊಡುತ್ತದೆ, ನಡುವಿನದನ್ನು ಅಳೆಯುವುದೇ ಇಲ್ಲ.

ಬಹು ಆಯ್ಕೆ ಪ್ರಶ್ನೆಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ತಪ್ಪು ಆಯ್ಕೆಗಳ ಮೇಲೆ. 2x² − 4x + 3 = 0 ಸಮೀಕರಣದ ಶೋಧಕ (b² − 4ac) −8. ಉಳಿದ ಮೂರಕ್ಕೆ ಬಾಯಿಗೆ ಬಂದ ಸಂಖ್ಯೆ ಹಾಕಿದರೆ ಪ್ರಶ್ನೆ ವ್ಯರ್ಥ. ಕಳೆಯುವಲ್ಲಿ ಕೂಡಿದವನಿಗೆ 40 ಬರುತ್ತದೆ. −4ರ ವರ್ಗವನ್ನು −16 ಎಂದವನಿಗೆ −40. 24ರಿಂದ 16 ಕಳೆದವನಿಗೆ 8. ಈ ಮೂರನ್ನೇ ಇಡುತ್ತೇನೆ. ತಿದ್ದಿದ ಮೇಲೆ ಯಾವ ಆಯ್ಕೆಗೆ ಎಷ್ಟು ಜನ ಎಂದು ಎಣಿಸಿದರೆ ಮರುದಿನ ಏನು ಪಾಠ ಮಾಡಬೇಕು ಅಂತ ಗೊತ್ತಾಗುತ್ತದೆ. −40 ಎಂದವರು ಹೆಚ್ಚಿದ್ದರೆ ವರ್ಗಸಮೀಕರಣ ಬಿಟ್ಟು ಪೂರ್ಣಾಂಕಗಳ ಗುಣಾಕಾರಕ್ಕೇ ಹಿಂದಿರುಗಬೇಕು.

‘ಅಥವಾ’ ಕೊಟ್ಟಲ್ಲಿ ಎರಡೂ ಪ್ರಶ್ನೆ ಒಂದೇ ಅಧ್ಯಾಯದ್ದಾಗಿ, ಹಂತಗಳ ಸಂಖ್ಯೆಯೂ ಒಂದೇ ಇರಬೇಕು.

ಪತ್ರಿಕೆ ಮುಗಿದ ಮೇಲೆ ಗಡಿಯಾರ ಇಟ್ಟುಕೊಂಡು, ಚಿತ್ರಗಳನ್ನೂ ಸೇರಿಸಿ ಪೂರ್ತಿ ಬಿಡಿಸುತ್ತೇನೆ. ಒಂದೂಕಾಲು ಗಂಟೆ ದಾಟಿದರೆ ಮೂರು ಗಂಟೆಯಲ್ಲಿ ಮಕ್ಕಳಿಗೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ಹೊತ್ತು ತಿನ್ನುವುದು ಚಿತ್ರ ಮತ್ತು ನಕ್ಷೆ (ಗ್ರಾಫ್). ಹಾಗಾಗಿ ಅಲ್ಲಿ ಅಳತೆಗಳನ್ನು ಸರಳ ಮಾಡುತ್ತೇನೆ, ಪ್ರಶ್ನೆಯನ್ನು ತೆಗೆಯುವುದಿಲ್ಲ.

ತಿದ್ದುವಾಗ ಮೊದಲ ಹತ್ತು ಉತ್ತರಪತ್ರಿಕೆಗೆ ಪೆನ್ಸಿಲ್ಲಿನಲ್ಲೇ ಅಂಕ. ಕೀ ಉತ್ತರದಲ್ಲಿ ಊಹಿಸದ ದಾರಿಗಳು ಹೊರಬೀಳುವುದು ಅಲ್ಲೇ. ಅವನ್ನು ಸೇರಿಸಿ ಕೀ ಉತ್ತರ ಖಾಯಂ ಮಾಡಿ, ಆ ಹತ್ತನ್ನು ಮತ್ತೆ ಮೊದಲಿಂದ ತಿದ್ದುತ್ತೇನೆ. ಆಮೇಲೆ ಮುಖಪುಟ ಮಡಚಿ, ಒಂದು ಪ್ರಶ್ನೆಯನ್ನು ಇಡೀ ಬಂಡಲ್‌ನಲ್ಲಿ ಮುಗಿಸಿ ಮುಂದಿನದಕ್ಕೆ ಹೋಗುವುದು. ಪುಟ ತಿರುವುವ ಕೆಲಸ ಹೆಚ್ಚು, ನಿಜ. ಆದರೆ ಒಂದು ಪತ್ರಿಕೆಯನ್ನು ಪೂರ್ತಿ ತಿದ್ದುವಾಗ, ಮೊದಲ ಪುಟ ಚೆನ್ನಾಗಿ ಬರೆದವರ ಮುಂದಿನ ತಪ್ಪುಗಳನ್ನು ಕೈ ತಾನಾಗಿ ಕ್ಷಮಿಸುತ್ತದೆ; ಕೆಟ್ಟ ಅಕ್ಷರದವರಿಗೆ ಆ ಭಾಗ್ಯವಿಲ್ಲ.

ಕೂಡುವುದು ಎರಡು ಸಲ: ಪುಟವಾರು ಒಮ್ಮೆ, ಪ್ರಶ್ನೆವಾರು ಒಮ್ಮೆ. ಎರಡೂ ತಾಳೆಯಾಗದಿದ್ದರೆ ಮೊದಲು ಹೆಚ್ಚುವರಿ ಹಾಳೆ ನೋಡಬೇಕು, ಅಂಕ ತಪ್ಪಿಹೋಗುವುದು ಹೆಚ್ಚಾಗಿ ಅಲ್ಲಿ. ಅರ್ಧ ಅಂಕವನ್ನು ಕೊನೆಯ ಮೊತ್ತದಲ್ಲಿ ಒಂದೇ ಸಲ ಪೂರ್ಣ ಮಾಡಬೇಕು. ಪ್ರಶ್ನೆ ಪ್ರಶ್ನೆಗೂ ಮಾಡುತ್ತ ಹೋದರೆ ನಾಲ್ಕೈದು ಅಂಕ ಪುಕ್ಕಟೆ ಏರುತ್ತದೆ.

ಇನ್ನು ಶಾಲೆಯೇ ಕೊಡುವ ಆಂತರಿಕ ಅಂಕ. ಬರಹದಲ್ಲಿ 80ಕ್ಕೆ 22 ಬಂದ ಮಗುವಿಗೆ ಆಂತರಿಕದಲ್ಲಿ 20ಕ್ಕೆ 19 ಇದ್ದರೆ ಎರಡರಲ್ಲೊಂದು ಸುಳ್ಳು, ಯಾವುದೆಂದು ಎಲ್ಲರಿಗೂ ಗೊತ್ತು. ಅರ್ಧದಷ್ಟು ಅಂಕ ಕಾಲೇಜಿನ ಕೈಯಲ್ಲೇ ಇರುವ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದ್ಧತಿಯಲ್ಲಿ ಇದರ ಭಾರ ಇನ್ನೂ ಹೆಚ್ಚು. ನಾನು ಪ್ರತಿ ಚಟುವಟಿಕೆಗೂ ಐದು ಸಾಲಿನ ಮಾನದಂಡ ಬರೆದು, ಅಂಕವನ್ನು ಅದೇ ದಿನ ಮಕ್ಕಳ ಮುಂದೆ ರಿಜಿಸ್ಟರಿಗೆ ಏರಿಸುತ್ತೇನೆ. ವರ್ಷದ ಕೊನೆಗೆ ಒಟ್ಟಿಗೆ ಕೂತು ತುಂಬಿದರೆ ಎಲ್ಲರಿಗೂ 18, 19 ಬೀಳುವುದು ಖಚಿತ.

ತಿದ್ದಿದ ಪತ್ರಿಕೆಯನ್ನು ಕೀ ಉತ್ತರದ ಜೆರಾಕ್ಸ್ ಜೊತೆಗೇ ಮಕ್ಕಳಿಗೆ ಕೊಡುತ್ತೇನೆ. ತಕರಾರು ಬಾಯಲ್ಲಿ ಹೇಳುವಂತಿಲ್ಲ. ಪ್ರಶ್ನೆ ಸಂಖ್ಯೆ, ಹಂತ, ಕೇಳುವ ಅಂಕ ಇಷ್ಟನ್ನು ಚೀಟಿಯಲ್ಲಿ ಬರೆದು ಎರಡು ದಿನದೊಳಗೆ ತಲುಪಿಸಬೇಕು. ಒಂದೇ ಪ್ರಶ್ನೆಗೆ ಐದಾರು ಚೀಟಿ ಬಂದರೆ ಆ ಚೀಟಿ ಕೊಟ್ಟವರದ್ದಷ್ಟೇ ಅಲ್ಲ, ಇಡೀ ತರಗತಿಯ ಆ ಪ್ರಶ್ನೆಯನ್ನು ಮತ್ತೆ ತಿದ್ದುತ್ತೇನೆ.