ಒರಳಿನ ಸಮ ತಪ್ಪುತ್ತಿದ್ದದ್ದು ಎಲ್ಲಿ?

1948ರಲ್ಲಿ ಪ್ಯಾರಿಸ್ಸಿನ ಪಿಯರ್ ಶೆಫರ್ ರೈಲಿನ ಸದ್ದುಗಳಿಂದಲೇ ಕಟ್ಟಿದ ಸಂಗೀತವನ್ನು ನಮ್ಮ ವಾದ್ಯವೃಂದದ ಮಕ್ಕಳಿಗೆ ಕೇಳಿಸಿದ್ದೆ. ನಮಗೆ ಅಡುಗೆಮನೆ ಸಾಕು ಅಂದರು. ಸರಿ, ಒರಳಿನಲ್ಲಿ ಹಿಟ್ಟು ರುಬ್ಬುವ ಗುರ್ ಗುರ್ ಸದ್ದನ್ನು ಫೋನಿನಲ್ಲಿ ಹಿಡಿದು, ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಎಂಟು ಅಕ್ಷರಗಳ (ಎಣಿಕೆಗಳ) ಒಂದು ಸುತ್ತಿಗೆ, ಅಕ್ಷರಕ್ಕೊಂದು ಸೆಕೆಂಡಿನಂತೆ ಸರಿಯಾಗಿ 8 ಸೆಕೆಂಡಿಗೆ ಕತ್ತರಿಸಿ, ಮತ್ತೆ ಮತ್ತೆ ಬರುವಂತೆ ಹಾಕಿದೆ.

ಮೊದಲೆರಡು ಆವರ್ತ ಚೆನ್ನಾಗಿಯೇ ಹೋಗುತ್ತಿತ್ತು. ಹತ್ತು ದಾಟುವಷ್ಟರಲ್ಲಿ ಮಕ್ಕಳ ಸಮ (ಆವರ್ತ ಶುರುವಾಗುವ ಮೊದಲ ಪೆಟ್ಟು) ಒಂದು ಕಡೆ, ಒರಳಿನ ಸಮ ಇನ್ನೊಂದು ಕಡೆ. ಮೃದಂಗದ ಹುಡುಗನನ್ನು ಎರಡು ದಿನ ಗದರಿದೆ. ತಪ್ಪು ಅವನದಾಗಿರಲಿಲ್ಲ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಸದ್ದು ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶದಲ್ಲಿ ಸದ್ದಿನ ಅಲೆಗಳನ್ನು ಹಿಗ್ಗಿಸಿ ನೋಡಿದಾಗ ಗೊತ್ತಾಯಿತು: ತುಣುಕಿನ ತುದಿಗಳಲ್ಲಿ ಕೂದಲೆಳೆಯಷ್ಟು ಮೌನ. ಎಂಪಿ3 ಮಾಡುವಾಗ ಅದು ತಾನಾಗಿ ಸೇರಿಕೊಳ್ಳುತ್ತದೆ. ಆವರ್ತಕ್ಕೆ 50 ಮಿಲಿಸೆಕೆಂಡ್ ಅಂದರೂ ಹತ್ತಕ್ಕೆ ಅರ್ಧ ಸೆಕೆಂಡ್, ಅಂದರೆ ಅರ್ಧ ಅಕ್ಷರ ಹಿಂದೆ! ಮೂಲ ರೆಕಾರ್ಡಿಂಗಿನಿಂದ ಮತ್ತೆ ಕತ್ತರಿಸಿ ಹಾಗೆ ಮೌನ ಸೇರದ ವೇವ್ ಫೈಲಾಗಿ ಉಳಿಸಿದೆ. ಬ್ಲೂಟೂತ್ ಸ್ಪೀಕರ್ ಕೂಡ ಸದ್ದನ್ನು ತಡವಾಗಿ ಕೊಡುತ್ತದೆ. ಅದನ್ನು ಬಿಟ್ಟು ತಂತಿ ಹಾಕಿದೆ. ಲಯ ಕೂತಿತು.

ಉಳಿದದ್ದು ಶ್ರುತಿ. ಸ್ಟೀಲ್ ಲೋಟಕ್ಕೆ ಚಮಚ ತಟ್ಟಿದ ನಾದ ನಮ್ಮ ಆಧಾರ ಸ್ವರವಾದ ಎರಡು ಕಟ್ಟೆಯ ಷಡ್ಜಕ್ಕಿಂತ ತುಸು ಮೇಲಿತ್ತು. ಕಂಪ್ಯೂಟರಿನಲ್ಲಿ ಇಳಿಸಿದರೆ ಸಪ್ಪೆಯಾಗುತ್ತಿತ್ತು. ಆಗ ಕೊಳಲಿನ ಹುಡುಗಿ ಲೋಟಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ತಟ್ಟುತ್ತಾ ಹೋದಳು. ನೀರು ಏರಿದಂತೆ ನಾದ ಇಳಿಯಿತು. ಅರ್ಧ ಲೋಟ ದಾಟಿದಾಗ ತಂಬೂರಿಗೆ ಸೇರಿತು ನೋಡಿ, ಗಲಾಟೆ ಮಾಡುತ್ತಿದ್ದವರೆಲ್ಲ ಗಪ್‌ಚುಪ್. ಅಲ್ಲೇ, ಅದೇ ಲೋಟವನ್ನು ಮತ್ತೆ ರೆಕಾರ್ಡ್ ಮಾಡಿಕೊಂಡೆವು.